ಜೋತುಬಿದ್ದ ಚರ್ಮ, ಉಳಿಯುವ ಗೆರೆ

ತೆಂಗಿನಗುಂಡಿ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಅಜ್ಜಿಯ ರಟ್ಟೆಯಡಿ ಚರ್ಮ ಜೋತುಬಿದ್ದಿದ್ದರೆ ಯಾರೂ ಅದನ್ನು ಕಾಯಿಲೆ ಎನ್ನುವುದಿಲ್ಲ. ವಯಸ್ಸಾದ ಗುರುತು, ಅಷ್ಟೆ. ಆದರೆ ತೀರಾ ದಪ್ಪಗಿದ್ದವರು ಪಥ್ಯದಿಂದಲೋ, ಜಠರದ ಶಸ್ತ್ರಚಿಕಿತ್ಸೆಯಿಂದಲೋ ನಲವತ್ತೈವತ್ತು ಕಿಲೋ ಇಳಿದಾಗ ಮೂವತ್ತನೇ ವಯಸ್ಸಿಗೇ ಆ ಸ್ಥಿತಿ ಬರುವುದುಂಟು. ಕೊಬ್ಬು ಕರಗುತ್ತದೆ, ಅದನ್ನು ಹೊದ್ದಿದ್ದ ಚರ್ಮ ಹಾಗೇ ಉಳಿಯುತ್ತದೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್, ಎಲಾಸ್ಟಿನ್ ಎಳೆಗಳು ವರ್ಷಗಟ್ಟಲೆ ಹಿಗ್ಗಿ ಸೋತಿರುತ್ತವೆ. ವ್ಯಾಯಾಮದಿಂದ ಸ್ನಾಯು ಬಲಿತೀತೇ ಹೊರತು ಈ ಚರ್ಮ ಒಳಸೇರದು, ಮುಲಾಮಿನ ಜಾಹೀರಾತು ಏನೇ ಹೇಳಲಿ. ಕರಾವಳಿಯ ಸೆಕೆಯಲ್ಲಿ ತೊಡೆಸಂದು ಉಜ್ಜಿ ಹುಣ್ಣಾಗುವವರಿಗೆ ಇದು ಬರೀ ಅಂದದ ಪ್ರಶ್ನೆಯೂ ಅಲ್ಲ.

ಇದಕ್ಕಿರುವ ಉಪಾಯ ಪ್ಲಾಸ್ಟಿಕ್ ಸರ್ಜರಿ. ಈ ‘ಪ್ಲಾಸ್ಟಿಕ್’ಗೂ ಬಕೆಟ್ಟಿನ ಪ್ಲಾಸ್ಟಿಕ್ಕಿಗೂ ಸಂಬಂಧವಿಲ್ಲ, ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಈ ವಿದ್ಯೆಯ ಚರಿತ್ರೆಯಲ್ಲಿ ಮೈಸೂರಿನ ಯುದ್ಧಕ್ಕೂ ಒಂದು ಪುಟವಿದೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕೌಸ್‌ಜಿ ಎಂಬಾತ 1792ರ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಒಬ್ಬ ದೇಶೀ ಚಿಕಿತ್ಸಕ, ಇಟ್ಟಿಗೆ ಮಾಡುವ ಕುಲದವನಂತೆ, ಹಣೆಯ ಚರ್ಮವನ್ನು ಬಿಡಿಸಿ, ಬುಡ ಕಡಿಯದೆ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಮೇತ ಪ್ರಕಟಿಸಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲೇ ಆ ಕ್ರಮವನ್ನು ಅನುಸರಿಸಿದ. ಅಲ್ಲಿ ಚರ್ಮ ಸಾಲದೆ ಕಡ ತಂದದ್ದು, ಇಲ್ಲಿ ಹೆಚ್ಚಾದದ್ದನ್ನು ಕತ್ತರಿಸುವುದು. ರಕ್ತ ಹರಿಯುವ ದಾರಿ ಉಳಿಸಿಕೊಂಡೇ ಹೊಲಿಯಬೇಕೆಂಬ ಎಚ್ಚರ ಎರಡಕ್ಕೂ ಒಂದೇ.

ತೋಳಿನಲ್ಲಿ ಸಾಮಾನ್ಯವಾಗಿ ಕಂಕುಳಿನಿಂದ ಮೊಣಕೈವರೆಗೆ ಒಳಬದಿಯಲ್ಲಿ ಕೊಯ್ದು, ಹೆಚ್ಚಿನ ಚರ್ಮ ತೆಗೆದು ಹೊಲಿಯುತ್ತಾರೆ. ಅದರಡಿಯಲ್ಲೇ ಮುಂಗೈಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುವುದರಿಂದ ಕೈ ತಪ್ಪುವಂತಿಲ್ಲ. ತೊಡೆಯ ಕೆಲಸ ಇನ್ನೂ ನಾಜೂಕು. ಚರ್ಮದ ಭಾರಕ್ಕೆ ಹೊಲಿಗೆ ಜಗ್ಗಿ, ಗಾಯದ ಗೆರೆ ಕೆಳಗಿಳಿದು ಅಗಲವಾಗುತ್ತಿತ್ತು. 1988ರಲ್ಲಿ ಅಮೆರಿಕದ ಟೆಡ್ ಲಾಕ್‌ವುಡ್, ಒಳಗಿನ ಗಟ್ಟಿ ಪೊರೆಗೆ ಹೊಲಿದು ಭಾರವನ್ನು ಅದಕ್ಕೇ ಹೊರಿಸುವ ಕ್ರಮ ತಿಳಿಸಿದ ಮೇಲೆ ಈ ತೊಂದರೆ ತಗ್ಗಿತು. ಗೆರೆಯಂತೂ ಪೂರ್ತಿ ಅಳಿಯದು. ನಮ್ಮಂಥ ಕಂದುಬಣ್ಣದವರಲ್ಲಿ ಅದು ಉಬ್ಬಿ ನಿಲ್ಲುವ ಸಂಭವ ಹೆಚ್ಚು. ತೋಳಿಲ್ಲದ ರವಿಕೆಯ ಆಸೆಗೆ ಮಾಡಿಸಿಕೊಳ್ಳುವವರು ಇದನ್ನು ಮೊದಲೇ ಯೋಚಿಸಬೇಕು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21. ಕೊಬ್ಬು ತೆಗೆಯುವುದೂ ಚರ್ಮ ಕತ್ತರಿಸುವುದೂ ಬೇರೆ ಬೇರೆ ಚಿಕಿತ್ಸೆಗಳು. ಆದರೂ ಅರಿವಳಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಎರಡರಲ್ಲೂ ಇವೆ. ಕತ್ತಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಇಲ್ಲವೇ ಡಿ.ಎನ್.ಬಿ. ಮಾಡಿದವರೇ, ತುರ್ತು ನಿಗಾ ಘಟಕ ಇದೆಯೇ ಎಂದು ಕೇಳಲು ಸಂಕೋಚ ಬೇಡ. ತೂಕ ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲಷ್ಟೇ ಇದಕ್ಕೆ ಕೈಹಾಕುವುದು ವಾಡಿಕೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಬೀಡಿ ಸೇದುವವರಷ್ಟೇ ಅಲ್ಲ, ಕವಳಕ್ಕೆ ತಂಬಾಕು ಸೇರಿಸುವವರೂ ವಾರಗಳ ಮುಂಚೆಯೇ ಅದನ್ನು ಬಿಡಬೇಕಾಗುತ್ತದೆ.