ಲ್ಯಾಪ್‌ಟಾಪ್: ಬೆಲೆಗೆ ತಕ್ಕ ಬಾಳಿಕೆ ಉಂಟೇ?

ಮೆಣಸಿನಕಾಯಿಗೆ ಬೆಲೆ ಕಟ್ಟುವುದನ್ನು ಬ್ಯಾಡಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನಷ್ಟೇ ನೋಡಿ ಅಲ್ಲಿ ಯಾರೂ ದರ ಬರೆಯುವುದಿಲ್ಲ. ಕೈಯನ್ನು ಒಳಗೆ ತೂರಿಸಿ ನಡುವಿನ ಕಾಯಿ ತೆಗೆಯುತ್ತಾರೆ. ಬಣ್ಣ ನೋಡುತ್ತಾರೆ, ಸುಕ್ಕು ನೋಡುತ್ತಾರೆ, ತೇವ ಉಳಿದಿದೆಯೇ ಎಂದು ಹಿಚುಕಿ ನೋಡುತ್ತಾರೆ. ಡಬ್ಬಿ ಯಾವುದು, ಕಡ್ಡಿ ಯಾವುದು ಎಂಬುದು ಮಕ್ಕಳಿಗೂ ಗೊತ್ತು. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಗೆ ಹೆಸರು ತಂದದ್ದು ಖಾರವಲ್ಲ, ಬಣ್ಣ.

ಅದೇ ಮೆಣಸಿನಕಾಯಿ ಮಾರಿದ ಹಣ ಕಿಸೆಯಲ್ಲಿಟ್ಟುಕೊಂಡು ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಳ್ಳಲು ಹಾವೇರಿಗೋ ಹುಬ್ಬಳ್ಳಿಗೋ ಹೋದ ರೈತನಿಗೆ ಈ ಜಾಣ್ಮೆ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಕೈ ತೂರಿಸುವಂತಿಲ್ಲ. ಎಲ್ಲವೂ ತೆಳ್ಳಗೆ, ಎಲ್ಲವೂ ಹೊಳಪು. ಒಂದರ ಬೆಲೆ 26 ಸಾವಿರವಾದರೆ, ನೋಡಲು ಹಾಗೇ ಇರುವ ಪಕ್ಕದ್ದರ ಬೆಲೆ 48 ಸಾವಿರ! ಅಂಗಡಿಯವರು ಹೇಳುವ ಜಿಬಿ, ಕೋರ್‌ಗಳ ಮಳೆಯಲ್ಲಿ ನೆನೆದ ಮೇಲೆ ಅವನಿಗೆ ಉಳಿಯುವುದು ಒಂದೇ ಪ್ರಶ್ನೆ: ‘ಇದು ಎಷ್ಟ್ ವರ್ಷ ಬರ್ತೈತ್ರೀ?’

ಹಳ್ಳಿಗನ ಪ್ರಶ್ನೆಯೆಂದು ನಕ್ಕುಬಿಡುವವರಿದ್ದಾರೆ. ಆದರೆ ಕೇಳಬೇಕಾದ ಸರಿಯಾದ ಪ್ರಶ್ನೆ ಇದೇ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಈ ಭಾಗದವರು ಮರೆತಿಲ್ಲ. ಈ ವರ್ಷ ಕೊಂಡದ್ದು ಕೈಕೊಟ್ಟರೆ ಮುಂದಿನ ವರ್ಷ ಇನ್ನೊಂದು ಕೊಂಡರಾಯಿತು ಎನ್ನುವ ಹಾಗಿಲ್ಲ.

ಮೊದಲು ಕೆಲಸ, ಆಮೇಲೆ ಯಂತ್ರ

ಯಂತ್ರ ನೋಡುವ ಮೊದಲು ಅದರಿಂದ ಆಗಬೇಕಾದ ಕೆಲಸವನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಮೇಲು. ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೆ ಬೇಕಾದದ್ದು ಟಿಪ್ಪಣಿ ಬರೆಯುವುದು, ಅಂತರಜಾಲ, ಪಾಠದ ವಿಡಿಯೊ, ಒಂದಿಷ್ಟು ಲೆಕ್ಕಪತ್ರ. ಅವರಿಗೆ 8 ಜಿಬಿ ರ‍್ಯಾಮ್ ಸಾಕು. ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ರಾಣೆಬೆನ್ನೂರಿನ ತರಳಬಾಳು ಜಗದ್ಗುರು ತಾಂತ್ರಿಕ ವಿದ್ಯಾಲಯದಲ್ಲೋ ಕಂಪ್ಯೂಟರ್ ವಿಜ್ಞಾನ ಓದುವವರಿಗೆ 16 ಜಿಬಿ ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ. ಮೆಕ್ಯಾನಿಕಲ್, ಸಿವಿಲ್ ವಿಭಾಗದಲ್ಲಿ ಮೂರು ಆಯಾಮದ ನಕ್ಷೆ ಬರೆಯುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಉಪಯುಕ್ತ. ಉಳಿದವರಿಗೆ ಅದು ಭಾರ. ಆಟಕ್ಕೆಂದು ಮಾಡಿದ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 2 ಕಿಲೋಗಿಂತ ಹೆಚ್ಚು ತೂಗುತ್ತವೆ, ಚಾರ್ಜನ್ನೂ ಬೇಗ ಮುಗಿಸುತ್ತವೆ. ಕಾಗಿನೆಲೆಯಿಂದ ದಿನಾ ಬಸ್ಸಿನಲ್ಲಿ ನಿಂತು ಹೋಗುವ ಹುಡುಗಿಗೆ ಅದರಿಂದ ಬೆನ್ನುನೋವೇ ಲಾಭ!

ರ‍್ಯಾಮ್ ಮತ್ತು ಸ್ಟೋರೇಜ್ ಎರಡನ್ನೂ ಜಿಬಿಯಲ್ಲೇ ಅಳೆಯುವುದರಿಂದ ಗೊಂದಲ ಸಹಜ. ರ‍್ಯಾಮ್ ಕಣವಿದ್ದಂತೆ, ಸ್ಟೋರೇಜ್ ಹಗೇವು ಇದ್ದಂತೆ. ಕಣ ಕಿರಿದಾದರೆ ಹಗೇವು ಎಷ್ಟು ದೊಡ್ಡದಿದ್ದರೂ ರಾಶಿ ಸಾಗುವುದಿಲ್ಲ. ಬಹಳ ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ‘ಇಎಂಎಂಸಿ’ ಸ್ಟೋರೇಜ್ ಇರುತ್ತದೆ. ವಿಂಡೋಸ್ 11 ಕೇಳುವ ಕನಿಷ್ಠ ಪ್ರಮಾಣವೇ ಅಷ್ಟು. ಒಂದೆರಡು ದೊಡ್ಡ ಅಪ್‌ಡೇಟ್ ಬಂದರೆ ಜಾಗ ಮುಗಿಯುತ್ತದೆ. ಇಂಥದ್ದು ಅಗ್ಗವೆಂದು ಕೊಂಡರೂ ದುಬಾರಿಯೇ.

ಹೊಸ ಚೀಲ, ಹಳೆ ಬೀಜ

ರಾಣೆಬೆನ್ನೂರು ಬೀಜಕ್ಕೆ ಹೆಸರಾದ ಊರು. ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡಿ ಅಲ್ಲಿನ ರೈತ ಮರುಳಾಗುವುದಿಲ್ಲ. ತಳಿ, ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಅವಧಿ ಎಲ್ಲವನ್ನೂ ಓದುತ್ತಾನೆ. ಪ್ರೊಸೆಸರ್‌ನ ಹೆಸರನ್ನೂ ಹಾಗೆಯೇ ಪೂರ್ತಿ ಓದಬೇಕು. ‘ಐ5’ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ‘ಐ5-1235ಯು’ ಎಂದರೆ ಮೊದಲ ಎರಡು ಅಂಕಿ ಹನ್ನೆರಡನೆಯ ತಲೆಮಾರನ್ನು ಸೂಚಿಸುತ್ತವೆ, ಕೊನೆಯ ‘ಯು’ ಕಡಿಮೆ ವಿದ್ಯುತ್ ಬಳಸುವ ಬಗೆಯನ್ನು. ‘ಎಚ್’ ಇದ್ದರೆ ಬಲ ಹೆಚ್ಚು, ಬಿಸಿಯೂ ಹೆಚ್ಚು.

ಎಎಂಡಿ ಕಂಪನಿಯ ‘ರೈಜನ್ 5 7520ಯು’ ಇನ್ನೊಂದು ಉದಾಹರಣೆ. ಇದು 2022ರಲ್ಲಿ ಬಿಡುಗಡೆಯಾದ ಚಿಪ್. ಆದರೆ ಸಂಖ್ಯೆಯ ಮೂರನೆಯ ಅಂಕಿ ‘2’ ಹೇಳುವುದೇನೆಂದರೆ, ಒಳಗಿರುವುದು ‘ಜೆನ್ 2’ ವಿನ್ಯಾಸ, ಅಂದರೆ 2019ರದು! ‘7530ಯು’ದಲ್ಲಿ ಅದರ ಮುಂದಿನ ವಿನ್ಯಾಸವಿದೆ. ಒಂದೇ ಅಂಕಿಯ ವ್ಯತ್ಯಾಸ, ಆದರೆ ಬೀಜವೇ ಬೇರೆ. ಹಳೆಯ ವಿನ್ಯಾಸ ಕೆಲಸಕ್ಕೆ ಬಾರದ್ದೆಂದಲ್ಲ. ಅದಕ್ಕೆ ಹೊಸದರ ಬೆಲೆ ಕೊಡಬೇಕಾಗಿಲ್ಲ ಅಷ್ಟೆ.

ಕೇಳಲೇಬೇಕಾದ ಇನ್ನೊಂದು ಮಾತಿದೆ: ರ‍್ಯಾಮನ್ನು ಮುಂದೆ ಹೆಚ್ಚಿಸಬಹುದೇ? ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡಾಗ ಎಷ್ಟೋ ಕೊನೆಯವರೆಗೂ ಅಷ್ಟೇ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿದ ಮೇಲಂತೂ ಈ ಪ್ರಶ್ನೆಗೆ ತೂಕ ಹೆಚ್ಚಿದೆ.

ರಿಯಾಯಿತಿಯ ಮಾಯೆ

ಡಬ್ಬದ ಮೇಲಿನ ಗರಿಷ್ಠ ಮಾರಾಟ ಬೆಲೆ ಒಂದು, ಅಂಗಡಿಯಲ್ಲಿ ನಡೆಯುವ ಬೆಲೆ ಇನ್ನೊಂದು. 70 ಸಾವಿರ ಎಂದು ಅಚ್ಚಾದದ್ದನ್ನು 48 ಸಾವಿರಕ್ಕೆ ಕೊಟ್ಟರೆ 22 ಸಾವಿರ ಉಳಿಯಿತೆಂದು ಹಿಗ್ಗಬೇಕಾಗಿಲ್ಲ. ಅದನ್ನು 70 ಸಾವಿರ ಕೊಟ್ಟು ಕೊಂಡವರು ಬಹುಶಃ ಯಾರೂ ಇರಲಾರರು. ಎರಡು ಮೂರು ಅಂಗಡಿಗಳಲ್ಲಿ ಮಾದರಿಯ ಪೂರ್ತಿ ಸಂಖ್ಯೆ ಹೇಳಿ ವಿಚಾರಿಸಿದರೆ ನಿಜವಾದ ದರ ತಿಳಿಯುತ್ತದೆ. ಅದೇ ಡಬ್ಬದ ಮೇಲೆ ತಯಾರಾದ ಅಥವಾ ಆಮದಾದ ತಿಂಗಳು, ವರ್ಷವೂ ಇರುತ್ತದೆ. ಅದನ್ನೂ ಓದಬೇಕು.

ಬಡ್ಡಿಯಿಲ್ಲದ ಕಂತು ಎಂಬುದನ್ನೂ ಬಿಡಿಸಿ ನೋಡಬೇಕು. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಇಳಿಸಿ ತೋರಿಸಿದರೂ ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ಜೊತೆಗೆ ಸಂಸ್ಕರಣಾ ಶುಲ್ಕವೂ ಇರಬಹುದು. ನಗದು ಕೊಟ್ಟರೆ ಎಷ್ಟು ಎಂದು ಕೇಳಿದಾಗಲೇ ಕಂತಿನ ನಿಜವಾದ ಬೆಲೆ ಹೊರಬೀಳುವುದು. ವಾರಂಟಿಯ ವಿಷಯದಲ್ಲಿ, ಕೆಟ್ಟರೆ ಮನೆಗೆ ಬರುತ್ತಾರೋ, ಹುಬ್ಬಳ್ಳಿಗೆ ಹೊತ್ತೊಯ್ಯಬೇಕೋ ಎಂಬುದನ್ನು ಊರಿನ ಪಿನ್ ಕೋಡ್ ಹೇಳಿ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಬಳಸಿದ್ದಾದರೆ?

ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಾದರೂ ಬೇಕೆಂಬುದು ಸಾಮಾನ್ಯ ನಿಯಮ. ಅದಕ್ಕಿಂತ ಹಳೆಯದನ್ನು ಕೊಂಡವರು ಉಬುಂಟುವಿನಂಥ ಉಚಿತ ವ್ಯವಸ್ಥೆಗೆ ಒಗ್ಗಿಕೊಳ್ಳಬೇಕಾದೀತು.

ಬ್ಯಾಟರಿಯ ಆರೋಗ್ಯವನ್ನು ಅಂಗಡಿಯಲ್ಲೇ ನೋಡಬಹುದು. ವಿಂಡೋಸ್‌ನಲ್ಲಿ ‘ಬ್ಯಾಟರಿ ವರದಿ’ ತೆಗೆಸಿದರೆ ಹೊಸದಾಗಿದ್ದಾಗಿನ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡೂ ಕಾಣುತ್ತವೆ. ಮೊದಲು 50 ಸಾವಿರ ಇದ್ದದ್ದು 30 ಸಾವಿರಕ್ಕೆ ಇಳಿದಿದ್ದರೆ ಉಳಿದಿರುವುದು ಶೇ 60. ಹೊಸ ಬ್ಯಾಟರಿಯ ಖರ್ಚನ್ನು ಆಗಲೇ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ತೇವವಿರುವ ಕಾಯಿಗೆ ದರ ಮುರಿದ ಹಾಗೆ!

ಕನಕದಾಸರು ಹೇಳಿದ ಪರೀಕ್ಷೆ

ಬೆಲೆ ಬೇರೆ, ಯೋಗ್ಯತೆ ಬೇರೆ ಎಂಬ ವಿಚಾರ ಕಾಗಿನೆಲೆಗೆ ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಯಾರು ಮೇಲು ಎಂದು ಭತ್ತ ಮತ್ತು ರಾಗಿಗೆ ಜಗಳವಾಗುತ್ತದೆ. ಭತ್ತಕ್ಕೆ ಬಿಳುಪಿನ, ಸಿರಿವಂತರ ಮನೆಯ ಊಟವೆಂಬ ಹಮ್ಮು. ಶ್ರೀರಾಮ ಆ ಕ್ಷಣವೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಂದಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಹೊಳಪಲ್ಲ, ಬಾಳಿಕೆಯೇ ಅಲ್ಲಿ ಒರೆಗಲ್ಲು.

ಅದೇ ಒರೆಗಲ್ಲಿಗೆ ಲ್ಯಾಪ್‌ಟಾಪನ್ನು ಹಚ್ಚಿ ನೋಡಬಹುದು. 26 ಸಾವಿರದ್ದು ಎರಡೇ ವರ್ಷ ಬಂದರೆ ವರ್ಷಕ್ಕೆ 13 ಸಾವಿರ ಬಿದ್ದಂತಾಯಿತು. 48 ಸಾವಿರದ್ದು ಐದು ವರ್ಷ ಬಂದರೆ ವರ್ಷಕ್ಕೆ 9,600. ಬಳಸಿದ್ದನ್ನು 22 ಸಾವಿರಕ್ಕೆ ಕೊಂಡು, ಬ್ಯಾಟರಿಗೆ 3 ಸಾವಿರ ಹಾಕಿ ಮೂರು ವರ್ಷ ದುಡಿಸಿಕೊಂಡರೆ 8,300ರ ಆಸುಪಾಸು. 80 ಸಾವಿರದ್ದನ್ನು ತಂದು ಐದು ವರ್ಷ ಬರೀ ಪತ್ರ ಟೈಪು ಮಾಡಿದರೆ ವರ್ಷಕ್ಕೆ 16 ಸಾವಿರ! ಅಗ್ಗದ್ದರಿಂದಲೂ ಸೋಲಬಹುದು, ದುಬಾರಿಯಿಂದಲೂ ಸೋಲಬಹುದು ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಅಂಗಡಿಗೆ ಹೋಗುವ ಮುನ್ನ ಮಗಳೂ ಅಪ್ಪನೂ ಒಟ್ಟಿಗೆ ಕುಳಿತು ಈ ಲೆಕ್ಕ ಬರೆಯಬೇಕು. ಯಂತ್ರದ ಒಳಗು ಮಗಳಿಗೆ ಗೊತ್ತು, ದುಡ್ಡಿನ ಬೆವರು ಅಪ್ಪನಿಗೆ ಗೊತ್ತು. ಎರಡೂ ಕೂಡಿದರೆ ಮೋಸಹೋಗುವುದು ಕಷ್ಟ.