ಹೆಸರು ಬದಲಿಸಿದರೆ ಫೋಟೊ ಬದಲಾಗದು

‘ಭಾವಚಿತ್ರ ಜೆಪಿಜಿ ರೂಪದಲ್ಲಿರಬೇಕು, 20ರಿಂದ 50 ಕೆಬಿ ಒಳಗಿರಬೇಕು.’ ಆನ್‌ಲೈನ್ ಅರ್ಜಿಯಲ್ಲಿ ಇಂಥದೊಂದು ಸಾಲು ಕಂಡರೆ ಕೆಲವರು ಸೈಬರ್ ಸೆಂಟರ್‌ಗೆ ಓಡುತ್ತಾರೆ, ಇನ್ನು ಕೆಲವರು ಗೂಗಲ್‌ನಲ್ಲಿ ಮೊದಲು ಸಿಕ್ಕ ಕನ್ವರ್ಟರ್‌ಗೆ ಫೋಟೊ ಒಪ್ಪಿಸಿಬಿಡುತ್ತಾರೆ. ಹೇಗೋ ಅರ್ಜಿ ಹೋಗುತ್ತದೆ. ಆದರೆ ಮುಖ ಮಸುಕಾಗಿರುತ್ತದೆ, ಸಹಿ ಕಪ್ಪು ಚೌಕದಲ್ಲಿ ಮುಳುಗಿರುತ್ತದೆ. ಇದಕ್ಕೆಲ್ಲ ಕಂಪ್ಯೂಟರನ್ನು ದೂರಿ ಫಲವಿಲ್ಲ. ಫೋಟೊದ ಫೈಲ್ ಬಗ್ಗೆ ನಾವು ನಂಬಿಕೊಂಡಿರುವ ಕೆಲವು ಸಂಗತಿಗಳೇ ಸುಳ್ಳು.

ತಪ್ಪು ಕಲ್ಪನೆ 1: ಫೈಲ್ ಹೆಸರಿನ ಕೊನೆಯಲ್ಲಿ ‘.ಜೆಪಿಜಿ’ ಎಂದು ಬರೆದರೆ ಸಾಕು

ವಾಸ್ತವ: ಡಬ್ಬಿಯ ಚೀಟಿ ಬದಲಿಸಿದರೆ ಒಳಗಿನ ಬೇಳೆ ಬದಲಾಗುವುದಿಲ್ಲ. ಫೈಲ್ ಯಾವ ಜಾತಿಯದು ಎಂಬುದು ಅದರ ಆರಂಭದ ಬೈಟ್‌ಗಳಲ್ಲೇ ಇರುತ್ತದೆ. ಪಿಎನ್‌ಜಿ ಫೈಲ್‌ನ ಎರಡು, ಮೂರು, ನಾಲ್ಕನೇ ಬೈಟ್‌ಗಳು ಪಿ, ಎನ್, ಜಿ ಎಂಬ ಅಕ್ಷರಗಳೇ. ಹೆಸರು ತಪ್ಪಿದ್ದರೂ ಕೆಲವು ಆ್ಯಪ್‌ಗಳು ಈ ಗುರುತು ನೋಡಿ ಚಿತ್ರ ತೆರೆದುಬಿಡುತ್ತವೆ; ನಮ್ಮ ಭ್ರಮೆ ಬಲವಾಗುವುದು ಅಲ್ಲೇ. ಅದೇ ಫೈಲನ್ನು ಅರ್ಜಿಯ ಜಾಲತಾಣ ತಿರಸ್ಕರಿಸಬಹುದು. 2017ರ ಐಒಎಸ್ 11ರಿಂದ ಐಫೋನ್‌ಗಳು ಫೋಟೊಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತಿರುವುದರಿಂದ ಈ ಫಜೀತಿ ಹೆಚ್ಚಿದೆ. ಫೈಲನ್ನು ತೆರೆದು, ‘ಸೇವ್ ಆ್ಯಸ್’ ಅಥವಾ ‘ಎಕ್ಸ್‌ಪೋರ್ಟ್’ ಮೂಲಕ ಜೆಪಿಜಿ ಆರಿಸಿದರೆ ಮಾತ್ರ ನಿಜವಾದ ಪರಿವರ್ತನೆ.

ತಪ್ಪು ಕಲ್ಪನೆ 2: ಜೆಪಿಜಿಯನ್ನು ಪಿಎನ್‌ಜಿ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ

ವಾಸ್ತವ: ಮಜ್ಜಿಗೆಯನ್ನು ಮೊಸರಿನ ಗಡಿಗೆಗೆ ಸುರಿದರೆ ಅದು ಮೊಸರಾಗುವುದಿಲ್ಲ. ಹೀಗೇಕೆ ಎಂದು ತಿಳಿಯಲು ಜೆಪಿಜಿಯ ಒಳಗುಟ್ಟು ಗೊತ್ತಿರಬೇಕು.

4000×3000 ಪಿಕ್ಸೆಲ್‌ಗಳ ಒಂದು ಫೋಟೊದಲ್ಲಿ 1.2 ಕೋಟಿ ಚುಕ್ಕಿಗಳಿರುತ್ತವೆ. ಚುಕ್ಕಿಗೆ ಮೂರು ಬೈಟ್‌ನಂತೆ ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟರೆ 36 ಎಂಬಿ ಬೇಕು. ಜೆಪಿಜಿ ಇದನ್ನು ಕೆಲವೇ ಎಂಬಿಗೆ ಇಳಿಸುತ್ತದೆ. ಅದು ಚಿತ್ರವನ್ನು 8×8 ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ನಿಧಾನವಾಗಿ ಮತ್ತು ವೇಗವಾಗಿ ಬದಲಾಗುವ ಬೆಳಕಿನ ಅಲೆಗಳ ಮೊತ್ತವಾಗಿ ಬರೆದುಕೊಳ್ಳುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ನವಿರು ಅಲೆಗಳ ಲೆಕ್ಕವನ್ನು ಒರಟಾಗಿಸುತ್ತದೆ, ಹಲವನ್ನು ಸೊನ್ನೆ ಮಾಡಿಬಿಡುತ್ತದೆ. ಚೌಕವನ್ನು ಅಲೆಗಳಾಗಿ ಬಿಡಿಸುವ ಈ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ರೂಪಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ ಅವರು ಈ ಕುರಿತ ಪ್ರಬಂಧ ಪ್ರಕಟಿಸಿದ್ದು 1974ರಲ್ಲಿ. ಅದನ್ನೇ ಆಧಾರವಾಗಿಟ್ಟುಕೊಂಡ ಜೆಪಿಜಿ ಮಾನದಂಡ 1992ರಲ್ಲಿ ಬಂತು.

ಹೀಗೆ ಒಮ್ಮೆ ಕೈಬಿಟ್ಟ ವಿವರ ಫೈಲ್‌ನಲ್ಲಿ ಎಲ್ಲೂ ಉಳಿದಿರುವುದಿಲ್ಲ. ಪಿಎನ್‌ಜಿ ತನಗೆ ಕೊಟ್ಟದ್ದನ್ನು ಚಾಚೂ ತಪ್ಪದೆ ಕಾಪಾಡುತ್ತದೆ, ಮಸುಕನ್ನೂ ಸೇರಿಸಿ. ಹಿಗ್ಗುವುದು ಫೈಲ್‌ನ ಗಾತ್ರ ಮಾತ್ರ.

ತಪ್ಪು ಕಲ್ಪನೆ 3: ತೆರೆದು ನೋಡಿದಷ್ಟೂ ಜೆಪಿಜಿ ಸವೆಯುತ್ತದೆ, ಗುಣಮಟ್ಟ 100 ಇಟ್ಟರೆ ಸವೆಯದು

ವಾಸ್ತವ: ಎರಡೂ ಸರಿಯಲ್ಲ. ಸಾವಿರ ಸಲ ತೆರೆದರೂ, ಪೆನ್‌ಡ್ರೈವ್‌ಗೆ ನಕಲು ಮಾಡಿದರೂ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ತಿದ್ದಿ ಮತ್ತೆ ಜೆಪಿಜಿಯಾಗಿ ಉಳಿಸಿದಾಗ ನಷ್ಟ ಆಗುತ್ತದೆ. 100 ಎಂಬುದು ಶೇಕಡಾವಾರು ಅಲ್ಲ, ಆ ತಂತ್ರಾಂಶದ ಅಳತೆಗೋಲಿನ ಕೊನೆಯ ಗೆರೆ ಅಷ್ಟೆ; ಅಲ್ಲೂ ಅಂಕಿಗಳು ದುಂಡಾಗುವಾಗ ಸಣ್ಣ ನಷ್ಟ ಇದ್ದೇ ಇದೆ.

ತಪ್ಪು ಕಲ್ಪನೆ 4: ಯಾವ ರೂಪವಾದರೇನು, ಎಲ್ಲವೂ ಚಿತ್ರವೇ

ವಾಸ್ತವ: ಮುಖ, ಮರ, ಆಕಾಶದಂಥ ಬಣ್ಣಗಳು ಮೆಲ್ಲಗೆ ಬೆರೆಯುವ ಫೋಟೊಗೆ ಜೆಪಿಜಿ ಒಪ್ಪುತ್ತದೆ. ಅಕ್ಷರಗಳಿರುವ ಸ್ಕ್ರೀನ್‌ಶಾಟ್, ಆಮಂತ್ರಣ ಪತ್ರಿಕೆ, ಲೋಗೊಗಳಿಗೆ ಪಿಎನ್‌ಜಿ ವಾಸಿ. ಕಡಿಮೆ ಗುಣಮಟ್ಟದ ಜೆಪಿಜಿಯಲ್ಲಿ ಅಕ್ಷರದ ಅಂಚಿನ ಸುತ್ತ ಕೊಳೆಯಂಥ ಚುಕ್ಕಿಗಳು ಏಳುತ್ತವೆ. ಕನ್ನಡದ ಸಣ್ಣ ಒತ್ತಕ್ಷರಗಳು ಮೊದಲು ಬಲಿಯಾಗುತ್ತವೆ.

ಸಹಿ ಕಪ್ಪಾಗುವ ಗುಟ್ಟೂ ಇಲ್ಲೇ ಇದೆ. ಪಿಎನ್‌ಜಿಯಲ್ಲಿ ಹಿನ್ನೆಲೆ ಪಾರದರ್ಶಕವಾಗಿರಬಹುದು, ಜೆಪಿಜಿಗೆ ಆ ಸೌಲಭ್ಯವಿಲ್ಲ. ಪರಿವರ್ತಿಸುವಾಗ ಖಾಲಿ ಜಾಗವನ್ನು ಕೆಲವು ತಂತ್ರಾಂಶಗಳು ಬಿಳಿ, ಕೆಲವು ಕಪ್ಪು ಮಾಡುತ್ತವೆ. ಮೊದಲೇ ಬಿಳಿ ಹಿನ್ನೆಲೆ ಹಾಕಿ ಆಮೇಲೆ ಪರಿವರ್ತಿಸಿ.

ತಪ್ಪು ಕಲ್ಪನೆ 5: 72 ಡಿಪಿಐಯನ್ನು 300 ಮಾಡಿದರೆ ಮುದ್ರಣಕ್ಕೆ ಸಿದ್ಧ

ವಾಸ್ತವ: ಡಿಪಿಐ ಎಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಹರಡಬೇಕು ಎಂಬ ಸೂಚನೆ. ಅದನ್ನಷ್ಟೇ ತಿದ್ದಿದರೆ ಚುಕ್ಕಿಗಳು ಹುಟ್ಟುವುದಿಲ್ಲ. 3.5×4.5 ಸೆಂ.ಮೀ. ಫೋಟೊವನ್ನು 300 ಡಿಪಿಐನಲ್ಲಿ ಮುದ್ರಿಸಲು ಸುಮಾರು 413×531 ಪಿಕ್ಸೆಲ್ ಇದ್ದರೆ ಸಾಕು. 50 ಕೆಬಿಯ ಮಿತಿಗೂ ಇದೇ ದಾರಿ: ಮೊದಲು ಅಗಲ, ಎತ್ತರಗಳನ್ನು ಇಳಿಸಿ, ಗುಣಮಟ್ಟಕ್ಕೆ ಕತ್ತರಿ ಹಾಕುವುದು ಆಮೇಲೆ. 4000 ಪಿಕ್ಸೆಲ್ ಅಗಲವನ್ನು ಹಾಗೇ ಬಿಟ್ಟು ಗುಣಮಟ್ಟವನ್ನಷ್ಟೇ ತಗ್ಗಿಸಿದರೆ ಮುಖದ ಮೇಲೆ ಚೌಕಗಳು ಮೂಡುತ್ತವೆ.

ತಪ್ಪು ಕಲ್ಪನೆ 6: ಪರಿವರ್ತಿಸಿದರೆ ಫೋಟೊ ತೆಗೆದ ಜಾಗದ ಮಾಹಿತಿ ಅಳಿಸಿಹೋಗುತ್ತದೆ

ವಾಸ್ತವ: ಮೊಬೈಲ್ ಫೋಟೊದೊಳಗೆ ತೆಗೆದ ಸಮಯ, ಕ್ಯಾಮೆರಾ, ಲೊಕೇಶನ್ ಆನ್ ಇದ್ದರೆ ಸ್ಥಳದ ಅಕ್ಷಾಂಶ, ರೇಖಾಂಶ ಕೂಡ ಎಕ್ಸಿಫ್ ಎಂಬ ಟಿಪ್ಪಣಿಯಾಗಿ ಇರುತ್ತವೆ. ಹಲವು ಕನ್ವರ್ಟರ್‌ಗಳು ಅದನ್ನೂ ಹೊಸ ಫೈಲ್‌ಗೆ ದಾಟಿಸುತ್ತವೆ. ಜೊತೆಗೆ, ಹೆಚ್ಚಿನ ಆನ್‌ಲೈನ್ ಕನ್ವರ್ಟರ್‌ಗಳಲ್ಲಿ ನಿಮ್ಮ ಫೋಟೊ ಬೇರೆಯವರ ಸರ್ವರ್‌ಗೆ ಹೋಗಿ ಬರುತ್ತದೆ. ಆಧಾರ್, ಅಂಕಪಟ್ಟಿ, ಸಹಿಯನ್ನು ಗುರುತಿಲ್ಲದ ಜಾಲತಾಣಕ್ಕೆ ಏರಿಸುವ ಅಗತ್ಯವೇ ಇಲ್ಲ. ವಿಂಡೋಸ್‌ನ ಪೇಂಟ್, ಮ್ಯಾಕ್‌ನ ಪ್ರಿವ್ಯೂ, ಉಚಿತವಾಗಿ ಸಿಗುವ ಗಿಂಪ್ ಈ ಕೆಲಸವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಮುಗಿಸುತ್ತವೆ.

ಇಷ್ಟರಲ್ಲಿ ನೆನಪಿಡಬೇಕಾದ್ದು ಒಂದೇ: ಪರಿವರ್ತನೆ ಇದ್ದದ್ದನ್ನು ಉಳಿಸಬಹುದು ಅಥವಾ ಕಳೆಯಬಹುದು, ಕಳೆದದ್ದನ್ನು ಮರಳಿ ತರಲಾರದು. ಆದ್ದರಿಂದ ಮೂಲ ಫೋಟೊವನ್ನು ಮುಟ್ಟದೆ ಬೇರೆ ಫೋಲ್ಡರ್‌ನಲ್ಲಿ ಜೋಪಾನ ಮಾಡಿ. ಕತ್ತರಿಸುವುದು, ಕುಗ್ಗಿಸುವುದು, ರೂಪ ಬದಲಿಸುವುದು ಎಲ್ಲವೂ ನಕಲಿನ ಮೇಲೆ ನಡೆಯಲಿ.