ನಪಾಸಾದ ಹುಡುಗಿಗೂ ನರ್ಸಿಂಗ್ ಬಾಗಿಲು ತೆರೆದಿದೆ

ಬೇಸಿಗೆ ಬಂತೆಂದರೆ ಗೃಹಿಣಿಯರಾದ ನಮಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಕೆಲಸದ ಜೊತೆಗೆ ಇನ್ನೊಂದು ಆತಂಕವೂ ಸೇರಿಕೊಳ್ಳುತ್ತದೆ. ಅದೇ ಮಕ್ಕಳ ಪರೀಕ್ಷೆಯ ಫಲಿತಾಂಶ. ಮಗ ನಪಾಸಾದರೆ "ಹೋಗಲಿ ಬಿಡಿ, ಇನ್ನೊಂದ್ಸಲ ಕಟ್ಟಲಿ" ಎನ್ನುವ ಮನೆಯವರೇ, ಮಗಳು ನಪಾಸಾದರೆ "ಇನ್ನೇನು ಓದು? ಒಂದು ಗಂಡು ನೋಡಿ" ಎಂದುಬಿಡುತ್ತಾರೆ. ಹೌದು ತಾನೇ? ನಿಮ್ಮ ಬೀದಿಯಲ್ಲೂ ಅಂಥ ಮನೆ ಒಂದಾದರೂ ಇದ್ದೀತು.

ನಾನು ಹೈಸ್ಕೂಲಿಗಿಂತ ಹೆಚ್ಚು ಓದಿದವಳಲ್ಲ. ಆದರೆ ನಮ್ಮ ಕೆಂಗೇರಿಯಲ್ಲಿ ಕೂತು ನೋಡಿದ್ದನ್ನು, ನಮ್ಮ ಮನೆಯ ಒಂದು ಹುಡುಗಿಗಾಗಿ ಓಡಾಡಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಒಬ್ಬ ಹುಡುಗಿಗಾದರೂ ದಾರಿ ಕಂಡರೆ ಸಾಕು.

ಕೆಂಗೇರಿ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವವರೆಗೂ ತನ್ನದೇ ಪುರಸಭೆ ಇದ್ದ ಊರು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲೂ ಬಂತು. ಮೈಸೂರು ರಸ್ತೆಯ ಉದ್ದಕ್ಕೂ ದೊಡ್ಡ ದೊಡ್ಡ ಆಸ್ಪತ್ರೆಗಳು ಎದ್ದಿವೆ. ಬೆಳಗಿನ ಹೊತ್ತು ಬಿಳಿ ಕೋಟು ಮಡಚಿ ತೋಳಿನ ಮೇಲೆ ಹಾಕಿಕೊಂಡು ಹೋಗುವ ನರ್ಸಿಂಗ್ ಹುಡುಗಿಯರನ್ನು ನೀವು ಇಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ಮಾತಾಡಿಸಿದರೆ ಎಷ್ಟೋ ಮಂದಿ ಕೇರಳದವರು. ಅಷ್ಟು ದೂರದಿಂದ ಬಂದು ನಮ್ಮೂರಲ್ಲಿ ಓದಿ ಕೆಲಸ ಹಿಡಿಯುತ್ತಾರೆ. ಪಕ್ಕದ ಬಿಡದಿ, ಮಾಗಡಿ, ಕನಕಪುರದ ನಮ್ಮ ಹುಡುಗಿಯರು ಮಾತ್ರ "ನನಗೆ ಮಾರ್ಕ್ಸ್ ಇಲ್ಲ" ಎಂದು ಮನೆಯಲ್ಲೇ ಉಳಿಯಬೇಕೇ?

ಒಂದು ಹುಡುಗಿಯ ಮಾತು

ನನ್ನ ಯಜಮಾನರ ಅಕ್ಕನ ಮಗಳು 2013ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೂ ನಪಾಸಾದಳು. ಅವರದು ಬಿಡದಿ ಕಡೆಯ ಹಳ್ಳಿ. ಅವಳಿಗೆ ಆಗ ಹದಿನಾರು. ಊರಲ್ಲಿ ಸಂಬಂಧದ ಮಾತು ಶುರುವಾಗಿಯೇಬಿಟ್ಟಿತ್ತು. ಅತ್ತಿಗೆ ನನ್ನ ಹತ್ತಿರ ಬಂದು, "ನೀನೇ ಹೇಳಮ್ಮ, ಇವಳ ಹಣೆಬರಹದಲ್ಲಿ ಓದಿಲ್ಲ ಅಂತಾರೆ ಇವರ ಅಪ್ಪ" ಎಂದು ಕಣ್ಣೀರಿಟ್ಟರು. ಹುಡುಗಿ ಮಾತ್ರ ಮೂಲೆಯಲ್ಲಿ ನಿಂತು, "ಅತ್ತೆ, ನಂಗೆ ನರ್ಸ್ ಆಗ್ಬೇಕು" ಎಂದಳು. ಅವಳ ಅಜ್ಜಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷ ಮಲಗಿದ್ದಾಗ, ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ಗಂಜಿ ಕುಡಿಸಿದವಳು ಅವಳೇ. ಅಜ್ಜಿಯ ಬೆನ್ನಿನಲ್ಲಿ ಒಂದು ಹುಣ್ಣೂ ಆಗಿರಲಿಲ್ಲ. ಗಣಿತದ ಪತ್ರಿಕೆಯಲ್ಲಿ ಆ ಗುಣಕ್ಕೆ ಅಂಕ ಎಲ್ಲಿದೆ ಹೇಳಿ?

ನಾವು ಅವಳನ್ನು ಕೆಂಗೇರಿಗೆ ಕರೆತಂದೆವು. ಜೂನ್ ತಿಂಗಳ ಪೂರಕ ಪರೀಕ್ಷೆಯಲ್ಲಿ ಎರಡೂ ವಿಷಯ ಪಾಸಾದಳು. ಆಮೇಲೆ ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಎರಡನೇ ವರ್ಷದ ಇಂಗ್ಲಿಷಿನಲ್ಲಿ 49 ಅಂಕ ತೆಗೆದಳು. 2015ರಲ್ಲಿ ಜಿ.ಎನ್.ಎಂ. ಸೇರಿದಳು. 2020ರಲ್ಲಿ ಕೊರೊನಾ ಬಂದು ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ, ಅವಳು ವಾರ್ಡಿನಲ್ಲಿ ರೋಗಿಗಳ ನಡುವೆ ಇದ್ದಳು. "ನಮ್ಮ ಹುಡುಗಿ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದವರು ಯಾರು ಗೊತ್ತೇ? ಹಣೆಬರಹದ ಮಾತಾಡಿದ ಅವಳ ಅಪ್ಪನೇ!

ಯಾವ ಓದಿಗೆ ಎಷ್ಟು ಅಂಕ?

ನರ್ಸಿಂಗ್ ಎಂದರೆ ಒಂದೇ ಬಾಗಿಲಲ್ಲ, ಮೂರು ಬಾಗಿಲುಗಳಿವೆ. ಇದು ಬಹಳ ಜನಕ್ಕೆ ತಿಳಿಯದು.

ಮೊದಲನೆಯದು ಎ.ಎನ್.ಎಂ. ಎರಡು ವರ್ಷದ ಓದು. ಹಳ್ಳಿಯ ಉಪಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ, ಬಸುರಿಯರನ್ನು ನೋಡಿಕೊಳ್ಳುವ ನಮ್ಮ 'ನರ್ಸಮ್ಮ' ಓದುವುದು ಇದನ್ನೇ. ಇಂಗ್ಲಿಷ್ ಸಹಿತ ಪಿಯುಸಿ ಪಾಸಾಗಿರಬೇಕು. ಕಲಾ ವಿಭಾಗದವರೂ ಸೇರಬಹುದು.

ಎರಡನೆಯದು ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಒಟ್ಟು ಶೇಕಡಾ 40, ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಶೇಕಡಾ 40 ಬೇಕು. ವಿಜ್ಞಾನ ಓದಿದವರಿಗೆ ಆದ್ಯತೆ ಉಂಟು, ಆದರೆ ಕಲಾ, ವಾಣಿಜ್ಯ ಓದಿದವರಿಗೆ ಬಾಗಿಲು ಮುಚ್ಚಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಇಂಗ್ಲಿಷಿನಲ್ಲಿ ಬರೀ ಪಾಸಾದರೆ ಸಾಲದು. ಒಟ್ಟು ಅಂಕ ಚೆನ್ನಾಗಿದ್ದೂ ಇಂಗ್ಲಿಷಿನಲ್ಲಿ 36, 37ಕ್ಕೆ ನಿಂತು ಸೀಟು ತಪ್ಪಿಸಿಕೊಳ್ಳುವ ಅಪಾಯ ಇರುವುದೇ ಇಲ್ಲಿ.

ಮೂರನೆಯದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷದ ಪದವಿ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿಯೇ ಇರಬೇಕು. ಸಾಮಾನ್ಯ ವರ್ಗದವರಿಗೆ ಶೇಕಡಾ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 40. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ.ಯನ್ನೂ ಬರೆಯಬೇಕು.

ಮೂರಕ್ಕೂ ವಯಸ್ಸು ಕನಿಷ್ಠ 17 ತುಂಬಿರಬೇಕು. ಆರೋಗ್ಯ ಸರಿಯಿದೆ ಎಂಬ ವೈದ್ಯರ ಪ್ರಮಾಣ ಪತ್ರ ಬೇಕು.

ಒಂದು ಸಂತೋಷದ ಸಂಗತಿ ಎಂದರೆ, ಚಿಕ್ಕ ಬಾಗಿಲಿನಿಂದ ಒಳಗೆ ಹೋದವರು ಅಲ್ಲೇ ಉಳಿಯಬೇಕಾಗಿಲ್ಲ. ಎ.ಎನ್.ಎಂ. ಮುಗಿಸಿ ನೋಂದಣಿ ಮಾಡಿಸಿಕೊಂಡವರು ಜಿ.ಎನ್.ಎಂ. ಓದಬಹುದು. ಜಿ.ಎನ್.ಎಂ. ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವೀಧರೆಯೇ ಆಗಬಹುದು. ಹತ್ತನೇ ತರಗತಿಯಲ್ಲಿ ಎಡವಿದವಳು ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಪಾಸಾಗುವುದು ಹೇಗೆ?

ಮೊದಲು ನಪಾಸಾದ ವಿಷಯ ಕಟ್ಟಿಸಿ. ನಮ್ಮ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಫಲಿತಾಂಶದ ದಿನವೇ ಅಳುತ್ತಾ ಕೂರದೆ ಶಾಲೆಗೆ ಹೋಗಿ ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕಡೆಯ ದಿನ ಯಾವುದೆಂದು ಬರೆದುಕೊಂಡು ಬನ್ನಿ.

ಶಾಲೆ ಬಿಟ್ಟು ವರ್ಷಗಳಾದ ಹುಡುಗಿಯರಿಗೂ ದಾರಿ ಉಂಟು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್.ಐ.ಓ.ಎಸ್., ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಲು ಅವಕಾಶ ಕೊಡುತ್ತದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದೊಳಗೆ ಒಂದೊಂದೇ ವಿಷಯವನ್ನು ಪಾಸು ಮಾಡಿಕೊಂಡು ಹೋಗಬಹುದು. ಅಲ್ಲಿನ ಹನ್ನೆರಡನೇ ತರಗತಿಯನ್ನು ಜಿ.ಎನ್.ಎಂ. ಪ್ರವೇಶಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತು ಒಪ್ಪಿದೆ.

ಇನ್ನು ಇಂಗ್ಲಿಷ್. ನಮ್ಮ ಹುಡುಗಿ ದಿನಕ್ಕೆ ಒಂದೇ ಪುಟ, ಆದರೆ ಗಟ್ಟಿಯಾಗಿ ಓದುತ್ತಿದ್ದಳು. ನಾನು ಹುಳಿಗೆ ಬೇಳೆ ಇಟ್ಟು ಕೇಳುತ್ತಾ ಇರುತ್ತಿದ್ದೆ. ನನಗೆ ಅರ್ಥವಾಗದಿದ್ದರೆ "ಕನ್ನಡದಲ್ಲಿ ಹೇಳು" ಎನ್ನುತ್ತಿದ್ದೆ. ಹೇಳಬೇಕಾದರೆ ಅವಳು ಅರ್ಥ ಮಾಡಿಕೊಳ್ಳಲೇಬೇಕಲ್ಲ! ಹೊಸ ಪದಗಳನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಳು. ಐದು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬರೆದಳು. ಹನಿ ಹನಿ ಗೂಡಿದರೆ ಹಳ್ಳ ಎನ್ನುವುದು ಸುಳ್ಳಲ್ಲ.

ಗಣಿತದ ಭಯವೋ? ನರ್ಸಿಗೆ ಬೇಕಾದ ಲೆಕ್ಕ ನಮ್ಮ ಅಡಿಗೆಮನೆಯ ಲೆಕ್ಕದ ಅಕ್ಕತಂಗಿ. ನಾಲ್ಕು ಜನಕ್ಕೆ ಹಾಕುವ ಸಾರಿನ ಪುಡಿಯನ್ನು ನಲವತ್ತು ಜನಕ್ಕೆ ಎಷ್ಟೆಂದು ನೀವು ಲೆಕ್ಕ ಹಾಕುವುದಿಲ್ಲವೇ? ಅದೇ ರೀತಿ. ವೈದ್ಯರು 500 ಮಿಲಿಗ್ರಾಂ ಬರೆದಿದ್ದಾರೆ, ಮಾತ್ರೆ ಇರುವುದು 250ರದು, ಎರಡು ಮಾತ್ರೆ. 1000 ಮಿಲಿಲೀಟರ್ ಸಲೈನ್ ಹತ್ತು ಗಂಟೆಯಲ್ಲಿ ಹೋಗಬೇಕು ಎಂದರೆ ಗಂಟೆಗೆ 100 ಮಿಲಿಲೀಟರ್. ಕೊಳವೆಯಲ್ಲಿ ಮಿಲಿಲೀಟರಿಗೆ 15 ಹನಿ ಬೀಳುವುದಾದರೆ ಗಂಟೆಗೆ 1500 ಹನಿ. 60ರಿಂದ ಭಾಗಿಸಿದರೆ ನಿಮಿಷಕ್ಕೆ 25 ಹನಿ. ಇಷ್ಟೇ! ಗುಣಾಕಾರ, ಭಾಗಾಕಾರ, ದಶಮಾಂಶ ಗಟ್ಟಿ ಮಾಡಿಸಿ. ಆದರೆ ಇಲ್ಲಿ ತಪ್ಪಿದರೆ ಸಾರು ಖಾರವಾಗುವುದಿಲ್ಲ, ಒಂದು ಜೀವಕ್ಕೆ ತೊಂದರೆ. ಆದ್ದರಿಂದಲೇ ಅಭ್ಯಾಸ ಬೇಕು.

ಮೋಸ ಹೋಗಬೇಡಿ

ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಅಂಕ ಕಡಿಮೆ ಇರುವ ಮಕ್ಕಳ ಮನೆಗೆ ಏಜೆಂಟರು ತಾವಾಗಿಯೇ ಬರುತ್ತಾರೆ. "ಎಸ್ಸೆಸ್ಸೆಲ್ಸಿ ಫೇಲಾದ್ರೂ ಪರವಾಗಿಲ್ಲಮ್ಮ, ಆರು ತಿಂಗಳಲ್ಲಿ ನರ್ಸ್ ಮಾಡ್ತೀವಿ" ಎನ್ನುತ್ತಾರೆ. ನಮ್ಮ ಹಿಂದಿನ ಬೀದಿಯ ಒಂದು ಸಂಸಾರ ಓಲೆ, ಬಳೆ ಅಡವಿಟ್ಟು ಹೀಗೆ ಮಗಳನ್ನು ಸೇರಿಸಿತು. ಕೋರ್ಸು ಮುಗಿದ ಮೇಲೆ ತಿಳಿಯಿತು, ಅದು ರೋಗಿಗಳ ಸಹಾಯಕಿಯ ತರಬೇತಿ ಅಷ್ಟೇ ಎಂದು. ಸಹಾಯಕಿಯ ಕೆಲಸವೂ ಮರ್ಯಾದೆಯದೇ. ಆದರೆ ಅದನ್ನೇ ನರ್ಸಿಂಗ್ ಎಂದು ಹೇಳಿ ಹಣ ಕೀಳುವುದು ಮೋಸ. ಆ ಪತ್ರ ಹಿಡಿದು ನರ್ಸ್ ಎಂದು ನೋಂದಣಿ ಮಾಡಿಸಲು ಆಗುವುದಿಲ್ಲ.

ನೋಂದಣಿ ಎಂದರೇನು? ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಸೇರಬೇಕು. ಅದಿಲ್ಲದೆ ನರ್ಸ್ ಎಂದು ಕೆಲಸ ಮಾಡುವಂತಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು ಇಷ್ಟು ಕೇಳಿ:

1. ಈ ಸಂಸ್ಥೆಗೆ ಈ ವರ್ಷದ ಮಾನ್ಯತೆ ಇದೆಯೇ? ಪತ್ರ ತೋರಿಸಿ.

2. ಪರೀಕ್ಷೆ ನಡೆಸುವವರು ಯಾರು? ಡಿಪ್ಲೊಮಾ ಆದರೆ ರಾಜ್ಯದ ಪರೀಕ್ಷಾ ಮಂಡಳಿ, ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯ ಎಂಬ ಉತ್ತರ ಬರಬೇಕು.

3. ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು? ಹೋಗಿ ಕಣ್ಣಾರೆ ನೋಡಿ ಬನ್ನಿ.

4. ಮೂರು ವರ್ಷಕ್ಕೂ ಸೇರಿ ಒಟ್ಟು ಎಷ್ಟು ಖರ್ಚು? ಹಾಸ್ಟೆಲ್, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲಾ ಬರೆಸಿಕೊಳ್ಳಿ. ಪ್ರತಿ ಕಂತಿಗೂ ರಸೀದಿ ತೆಗೆದುಕೊಳ್ಳಿ.

5. ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ಕೊಡಬೇಕಾದರೆ ಕೊಟ್ಟದ್ದಕ್ಕೆ ಬರವಣಿಗೆ ಪಡೆಯಿರಿ. ಮನೆಯಲ್ಲಿ ನಕಲು ಇರಲಿ.

ನಿಯಮಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯಿದೆಯ ಬದಲಿಗೆಂದು ಸಂಸತ್ತು 2023ರಲ್ಲಿ ಹೊಸ ಕಾಯಿದೆಯನ್ನೇ ಮಾಡಿದೆ. ಹೀಗಾಗಿ ಸೇರುವ ವರ್ಷದ ಸರ್ಕಾರಿ ಪ್ರಕಟಣೆಯನ್ನು ತಪ್ಪದೆ ನೋಡಿ.

ಖರ್ಚಿನ ಮಾತು

ಸರ್ಕಾರಿ ಸಂಸ್ಥೆಗಳಲ್ಲಿ ಶುಲ್ಕ ಕಡಿಮೆ, ಆದರೆ ಸೀಟಿಗೆ ಪೈಪೋಟಿ ಹೆಚ್ಚು. ಅಂಕದ ಮೇಲೆ ಆಯ್ಕೆ. ಅರ್ಜಿಯನ್ನಂತೂ ಹಾಕಲೇಬೇಕು. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಎಂಬ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಮೊದಲೇ ಮಾಡಿಸಿ, ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ ಇಟ್ಟುಕೊಳ್ಳಿ. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2025ರಲ್ಲಿ ನಮ್ಮ ರಾಜ್ಯದಲ್ಲೂ ವರ್ಷಕ್ಕೆ 30,000 ರೂಪಾಯಿ ನೆರವು ಘೋಷಿಸಿತು. ಮೊದಲ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು. ಕಾಲೇಜಿನಲ್ಲಿ ವಿಚಾರಿಸಿ.

ಸೇರಿದ ಮೇಲೆ

ಸೀಟು ಸಿಕ್ಕಿತೆಂದರೆ ಮುಗಿಯಲಿಲ್ಲ. ಮೊದಲ ವರ್ಷ ದೇಹರಚನೆ, ಸೂಕ್ಷ್ಮಜೀವಿ, ಮನಶ್ಶಾಸ್ತ್ರ, ಪೌಷ್ಟಿಕ ಆಹಾರ, ಪ್ರಥಮ ಚಿಕಿತ್ಸೆ ಎಂದು ಪಾಠಗಳು ರಾಶಿ ಬೀಳುತ್ತವೆ, ಅದೂ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ನಮ್ಮ ಹುಡುಗಿ ರಾತ್ರಿ ಫೋನ್ ಮಾಡಿ ಅತ್ತದ್ದೇ ಅತ್ತದ್ದು. ಆಗ "ವಾಪಸ್ ಬಂದ್ಬಿಡು" ಎನ್ನಬೇಡಿ. "ಈವತ್ತು ಏನು ಕಲಿತೆ, ನಂಗೂ ಹೇಳು" ಎನ್ನಿ. ವಾರ್ಡಿನಲ್ಲಿ ಕಾಲಿಟ್ಟ ಮೇಲೆ ಅವಳ ಮುಖವೇ ಬದಲಾಯಿತು. ಹಾಸಿಗೆ ಹಿಡಿದ ರೋಗಿಯನ್ನು ನೋಯಿಸದೆ ಹೊರಳಿಸುವುದನ್ನು ಅವಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ರಾತ್ರಿ ಪಾಳಿಯ ಬಗ್ಗೆ, ಗಂಡಸರ ವಾರ್ಡಿನ ಬಗ್ಗೆ ನಮ್ಮ ಕಡೆ ಇನ್ನೂ ಪಿಸುಮಾತು ಇದೆ. ಅಂಥವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮ ಮನೆಯವರಿಗೆ ನಡುರಾತ್ರಿ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ಎಚ್ಚರವಾಗಿರಬೇಕಾದವರು ಯಾರು? ಅವಳೂ ಯಾರದೋ ಮಗಳಲ್ಲವೇ?

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿತವರಲ್ಲ. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಕೈಗುಣಕ್ಕೆ ಅಂಕಪಟ್ಟಿ ಬೇಕಿಲ್ಲ ಎನ್ನುವುದಕ್ಕೆ ಅವರೇ ಸಾಕ್ಷಿ. ಆದರೆ ಇವತ್ತಿನ ಕಾಲದಲ್ಲಿ ಅಂಥ ಕೈಗೆ ಓದಿನ ಬಲವೂ, ನೋಂದಣಿಯ ಬಲವೂ ಸೇರಬೇಕು.

ಸೋದರಿಯರೇ, ಒಂದು ಪರೀಕ್ಷೆಯಲ್ಲಿ ಎಡವಿದ ಮಗಳು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ, ಅವಳ ಅಂಕಪಟ್ಟಿಯನ್ನು ಬದಿಗಿಟ್ಟು ಅವಳು ಮನೆಯ ಹಿರಿಯರನ್ನು, ರೋಗಿಗಳನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂಬುದನ್ನು ಒಂದು ವಾರ ಗಮನಿಸಿ. ಆ ಗುಣ ಕಂಡರೆ ಗಂಡು ಹುಡುಕುವ ಮೊದಲು ಶಾಲೆಗೆ ಹೋಗಿ ಪರೀಕ್ಷೆಯ ಶುಲ್ಕ ಕಟ್ಟಿ ಬನ್ನಿ. ಮದುವೆಗೆ ಇನ್ನೂ ಕಾಲವಿದೆ; ಪರೀಕ್ಷೆಯ ಅರ್ಜಿಗೆ ಮಾತ್ರ ಕಡೆಯ ದಿನ ಎಂಬುದೊಂದಿದೆ.